ಸಾಕ್ಷಿಯ ನೆನಪು ಮತ್ತು ಪ್ರಶ್ನೆಯ ಭಾಷೆ

ಅಪರಾಧ ತನಿಖೆಯಲ್ಲಿ ಮನೋವಿಜ್ಞಾನದ ಪಾತ್ರವೆಂದೊಡನೆ ಬಹುಜನರಿಗೆ ನೆನಪಾಗುವುದು ಸುಳ್ಳು ಪತ್ತೆ ಯಂತ್ರ ಮತ್ತು ಮಂಪರು ಪರೀಕ್ಷೆ. ಆರೋಪಿಯ ಮನಸ್ಸಿನಾಳದಿಂದ ಸತ್ಯವನ್ನು ಹೊರಗೆಳೆಯುವ ವಿದ್ಯೆ ಇದೆಂಬ ಕಲ್ಪನೆಯನ್ನು ಚಲನಚಿತ್ರಗಳೂ ಪತ್ತೇದಾರಿ ಕಾದಂಬರಿಗಳೂ ಬೆಳೆಸಿವೆ. ನ್ಯಾಯಾಲಯ ಈ ಪರೀಕ್ಷೆಗಳನ್ನು ಅಷ್ಟಾಗಿ ನಂಬಿಲ್ಲ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಗಳನ್ನು ನಡೆಸಕೂಡದೆಂದು ತೀರ್ಪಿತ್ತಿತು. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೆಯ ವಿಧಿ ಈ ತೀರ್ಪಿಗೆ ಮುಖ್ಯ ಆಧಾರವಾಗಿತ್ತು.

ಮನೋವಿಜ್ಞಾನದ ಹೆಚ್ಚು ಬೆಲೆಯುಳ್ಳ ಕೊಡುಗೆ ಬೇರೊಂದೆಡೆಯಿದೆ. ಸುಳ್ಳು ಹೇಳುವವನನ್ನು ಹಿಡಿಯುವುದಕ್ಕಿಂತ, ಸತ್ಯವನ್ನೇ ಹೇಳಬಯಸುವ ಸಾಕ್ಷಿ ಹೇಗೆ ತಪ್ಪುತ್ತಾನೆಂಬುದನ್ನು ಅದು ಚೆನ್ನಾಗಿ ತೋರಿಸಿಕೊಟ್ಟಿದೆ. ಹ್ಯೂಗೋ ಮ್ಯುನ್ಸ್ಟರ್‌ಬರ್ಗ್ ಎಂಬ ಮನೋವಿಜ್ಞಾನಿ 1908ರಷ್ಟು ಹಿಂದೆಯೇ ತನ್ನ ಗ್ರಂಥವೊಂದರಲ್ಲಿ, ಪ್ರಾಮಾಣಿಕ ಸಾಕ್ಷಿಯ ನೆನಪನ್ನೂ ನ್ಯಾಯಾಲಯ ಕಣ್ಣುಮುಚ್ಚಿ ನಂಬಬಾರದೆಂದು ವಾದಿಸಿದ್ದನು. ನೆನಪು ಪೆಟ್ಟಿಗೆಯಲ್ಲಿಟ್ಟ ಭಾವಚಿತ್ರದಂತೆ ಇದ್ದ ಹಾಗೆಯೇ ಉಳಿಯುವುದಿಲ್ಲ. ಕೇಳಿದಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ. ಕಟ್ಟುವಾಗ ಕೇಳಿದವರ ಮಾತೂ ಅದರೊಳಗೆ ಬೆರೆಯುತ್ತದೆ.

ಇದನ್ನು ಪ್ರಯೋಗದಿಂದ ತೋರಿಸಿದವರು ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್. 1974ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರಗಳನ್ನು ತೋರಿಸಿ, ಕಾರುಗಳ ವೇಗವೆಷ್ಟಿತ್ತೆಂದು ಕೇಳಲಾಯಿತು. ಪ್ರಶ್ನೆಯಲ್ಲಿ ಬದಲಾದದ್ದು ಕ್ರಿಯಾಪದವೊಂದೇ. ‘ಅಪ್ಪಳಿಸಿದಾಗ’ ಎಂಬರ್ಥದ ಪದ ಕೇಳಿದವರು ಸರಾಸರಿ 40ಕ್ಕೂ ಹೆಚ್ಚು ಮೈಲಿ ಎಂದರೆ, ‘ತಾಗಿದಾಗ’ ಎಂಬರ್ಥದ ಪದ ಕೇಳಿದವರು 31.8 ಮೈಲಿ ಎಂದರು. ಇನ್ನೊಂದು ಪ್ರಯೋಗದಲ್ಲಿ ವಾರದ ನಂತರ, ಒಡೆದ ಗಾಜು ಕಂಡಿತ್ತೇ ಎಂದು ಕೇಳಲಾಯಿತು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಜನ ‘ಹೌದು’ ಎಂದರು. ‘ಹೊಡೆದಾಗ’ ಎಂದು ಕೇಳಿಸಿಕೊಂಡಿದ್ದ 50 ಜನರಲ್ಲಿ ಹಾಗೆಂದವರು 7 ಜನ.

ಪ್ರಶ್ನೆಯ ಈ ಬಲ ಕನ್ನಡದಲ್ಲಿಯೂ ಕಾಣುತ್ತದೆ. ‘ದೀಪ ಒಡೆದಿತ್ತೇ?’ ಎಂಬ ಪ್ರಶ್ನೆ ಉತ್ತರವನ್ನು ಸಾಕ್ಷಿಗೇ ಬಿಡುತ್ತದೆ. ‘ಒಡೆದ ದೀಪವನ್ನು ನೋಡಿದಿರಾ?’ ಎಂಬುದು ದೀಪ ಒಡೆದಿತ್ತೆಂದು ಮೊದಲೇ ಒಪ್ಪಿಸಿಬಿಡುತ್ತದೆ. ಉತ್ತರವನ್ನು ಸೂಚಿಸುವ ಇಂಥ ಪ್ರಶ್ನೆಗಳಿಗೆ ಮುಖ್ಯ ವಿಚಾರಣೆಯಲ್ಲಿ ಎದುರು ಪಕ್ಷದ ವಕೀಲರು ಆಕ್ಷೇಪಿಸಬಹುದು. ಪೊಲೀಸ್ ಠಾಣೆಯಲ್ಲಿ ಆಕ್ಷೇಪಿಸುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಸಾಕ್ಷಿ ನ್ಯಾಯಾಲಯದ ಮೆಟ್ಟಿಲು ಹತ್ತುವ ಹೊತ್ತಿಗೆ ನೆನಪು ಆಗಲೇ ಬದಲಾಗಿರಬಹುದು.

ಇದರ ಬೆಲೆ ಎಷ್ಟೆಂಬುದಕ್ಕೆ ಅಮೆರಿಕದ ನಾರ್ತ್ ಕೆರೋಲಿನಾದ ರೊನಾಲ್ಡ್ ಕಾಟನ್ ಪ್ರಕರಣವೇ ಸಾಕು. 1984ರಲ್ಲಿ ಅತ್ಯಾಚಾರಕ್ಕೊಳಗಾದ ವಿದ್ಯಾರ್ಥಿನಿಯೊಬ್ಬಳು ಮೊದಲು ಫೋಟೋಗಳಲ್ಲಿ, ಬಳಿಕ ಗುರುತು ಪತ್ತೆ ಪರೇಡ್‌ನಲ್ಲಿ ಕಾಟನ್‌ನನ್ನು ಗುರುತಿಸಿದಳು. ಎರಡರಲ್ಲಿಯೂ ಇದ್ದವನು ಅವನೊಬ್ಬನೇ. ಮೊದಲಿಗಿದ್ದ ಅವಳ ಅಳುಕು ಪೊಲೀಸರ ಮೆಚ್ಚುಗೆಯ ಮಾತಿನಿಂದ ದೃಢ ನಂಬಿಕೆಯಾಯಿತು. 1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನು ಎದುರಿಗೆ ತಂದಾಗಲೂ ಅವಳು ಅವನನ್ನು ಗುರುತಿಸಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಕಾಟನ್ 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರ್ದೋಷಿಯೆಂದು ಸಿದ್ಧವಾಗಿ ಬಿಡುಗಡೆಯಾದನು. ಅವಳು ಸುಳ್ಳು ಹೇಳಿರಲಿಲ್ಲ. ಅವಳ ನೆನಪಿನಲ್ಲಿ ಒಂದು ಮುಖದ ಜಾಗವನ್ನು ಇನ್ನೊಂದು ಮುಖ ಆಕ್ರಮಿಸಿತ್ತು.

ಇಂಥ ತಪ್ಪುಗಳನ್ನು ತಗ್ಗಿಸಲು ಮನೋವಿಜ್ಞಾನಿಗಳು ಕೆಲವು ಕ್ರಮಗಳನ್ನು ಸೂಚಿಸಿದ್ದಾರೆ. ಪರೇಡ್ ನಡೆಸುವ ಅಧಿಕಾರಿಗೆ ಶಂಕಿತನು ಯಾರೆಂದು ತಿಳಿದಿರಬಾರದು. ಅಪರಾಧಿ ಸಾಲಿನಲ್ಲಿ ಇಲ್ಲದೆಯೂ ಇರಬಹುದೆಂದು ಸಾಕ್ಷಿಗೆ ಮೊದಲೇ ಹೇಳಬೇಕು. ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೀಸಲ್‌ಮನ್ 1980ರ ದಶಕದಲ್ಲಿ ರೂಪಿಸಿದ ವಿಚಾರಣಾ ಪದ್ಧತಿಯಲ್ಲಿ, ಸಾಕ್ಷಿ ತನ್ನ ಮಾತಿನಲ್ಲಿ, ತನ್ನ ಕ್ರಮದಲ್ಲಿ, ಅಡ್ಡಿಯಿಲ್ಲದೆ ಹೇಳಿ ಮುಗಿಸಿದ ಮೇಲೆಯೇ ಬಿಡಿ ಪ್ರಶ್ನೆಗಳು ಬರುತ್ತವೆ.

‘ತನ್ನ ಮಾತಿನಲ್ಲಿ’ ಎಂಬುದು ಗಡಿನಾಡಿನಲ್ಲಿ ಸುಲಭವಲ್ಲ. ಅಕ್ಕಲಕೋಟ, ಜತ್ತ ಭಾಗದ ಹಳ್ಳಿಯ ಸಾಕ್ಷಿ ಕನ್ನಡದಲ್ಲಿ ಹೇಳಿದ್ದು ಠಾಣೆಯ ಕಾಗದದ ಮೇಲೆ ಮರಾಠಿಯಾಗುತ್ತದೆ. ‘ಅವನು ಕೊಡಲಿ ತಂದನಂತೆ’ ಎಂಬ ಮಾತಿನಲ್ಲಿ ‘ಅಂತೆ’ ಎಂಬುದು, ಹೇಳುವವನು ಕಣ್ಣಾರೆ ಕಂಡಿಲ್ಲ, ಪರರಿಂದ ಕೇಳಿದ್ದಾನೆ ಎಂಬುದನ್ನು ತಿಳಿಸುತ್ತದೆ. ಮರಾಠಿಯಲ್ಲಿ ಅದಕ್ಕೆ ‘ಮ್ಹಣೇ’ ಎಂಬ ಪದವಿದೆ. ಬರೆಯುವ ಅವಸರದಲ್ಲಿ ಅದು ಬಿಟ್ಟುಹೋದರೆ ಕೇಳಿದ ಮಾತು ಕಂಡ ಮಾತಾಗುತ್ತದೆ. ಕಾನೂನಿನಲ್ಲಿ ಇವೆರಡರ ತೂಕ ಬೇರೆ. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಇರಕೂಡದೆಂಬುದು ನಿಯಮ. ಆದರೂ ಮುಂದೆ ಅದೇ ಹೇಳಿಕೆಯನ್ನು ಹಿಡಿದು ಪಾಟೀಸವಾಲಿನಲ್ಲಿ ‘ಆಗ ಹಾಗೆ ಹೇಳಿದ್ದೆ, ಈಗ ಹೀಗೆನ್ನುವೆ’ ಎಂದು ಕೇಳಬಹುದು. ಪ್ರತ್ಯಯವೊಂದರ ನಷ್ಟಕ್ಕೆ ಸಾಕ್ಷಿ ಸುಳ್ಳುಗಾರನೆನಿಸಿಕೊಳ್ಳುತ್ತಾನೆ.

ನ್ಯಾಯಾಲಯದಲ್ಲಿ ಇದಕ್ಕೆ ರಕ್ಷಣೆಯಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 312ನೆಯ ಕಲಮಿನಂತೆ, ಬೇರೆ ಭಾಷೆಯ ಸಾಕ್ಷ್ಯವನ್ನು ಸಾಧ್ಯವಿದ್ದರೆ ಆ ಭಾಷೆಯಲ್ಲಿಯೇ ದಾಖಲಿಸಬಹುದು. ಆಗದಿದ್ದರೆ ನಿಜವಾದ ಅನುವಾದ ಸಿದ್ಧವಾಗಬೇಕು. 313ನೆಯ ಕಲಮಿನಂತೆ, ದಾಖಲೆಯ ಭಾಷೆ ಸಾಕ್ಷಿಗೆ ತಿಳಿಯದಿದ್ದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ವಿವರಿಸಬೇಕು. ತಪ್ಪಿದೆಯೆಂದು ಅವನು ಹೇಳಿದರೆ ನ್ಯಾಯಾಧೀಶರು ತಿದ್ದಬಹುದು, ಇಲ್ಲವೇ ಅವನ ಆಕ್ಷೇಪವನ್ನು ಬರೆದಿಡಬೇಕು. ಆದರೆ ಇದನ್ನು ಕೇಳಿ ಪಡೆಯಬಹುದೆಂಬ ಅರಿವು ಸಾಕ್ಷಿಗೂ, ‘ಬಂದನು’ ಮತ್ತು ‘ಬಂದನಂತೆ’ಗಳ ಅಂತರ ಅನುವಾದಕನಿಗೂ ತಿಳಿದಿರಬೇಕು. ಎರಡೂ ಭಾಷೆಗಳ ನಡುವೆ ಬೆಳೆದು, ಕನ್ನಡವನ್ನು ಐಚ್ಛಿಕವಾಗಿ ಓದುವ ಗಡಿನಾಡಿನ ವಿದ್ಯಾರ್ಥಿಗೆ ಈ ಕೆಲಸಕ್ಕೆ ಬೇಕಾದ ಸಿದ್ಧತೆ ವ್ಯಾಕರಣದ ತರಗತಿಯಲ್ಲಿಯೇ ಆರಂಭವಾಗಿರುತ್ತದೆ.