ಬೆದೆಗೆ ಬರಲಿಲ್ಲ ಅಂದರೆ ಆಕಳು ಗಬ್ಬ ಅಂತಲೇ ಅರ್ಥವೇ?

"ಬೆದೆ ತಪ್ಪಿತು, ಗಬ್ಬ ನಿಂತಿದೆ." ಹೈನು ಮಾಡುವವರಲ್ಲಿ ಇದು ಸಾಮಾನ್ಯ ನಂಬಿಕೆ. ಬಹಳ ಸಲ ನಿಜವೂ ಹೌದು. ಆದರೆ ಗರ್ಭಕೋಶದಲ್ಲಿ ಕರುವಿನ ಬದಲು ಕೀವು ತುಂಬಿದ್ದರೂ ಬೆದೆ ನಿಲ್ಲುತ್ತದೆ. ಜಮಖಂಡಿ ತಾಲ್ಲೂಕಿನ ತುಬಚಿಯಂಥ ಊರಲ್ಲಿ ಒಂದೆರಡು ಎಮ್ಮೆ ಕಟ್ಟಿಕೊಂಡವರಿಗೆ ಇದು ತಿಳಿಯದಿದ್ದರೆ ತಿಂಗಳುಗಟ್ಟಲೆ ಮೇವು ಹಾಕಿ ಕಾದದ್ದೆಲ್ಲ ವ್ಯರ್ಥ.

ಈಸ್ಟ್ರೋಜನ್ ಏನು ಮಾಡುತ್ತದೆ?

ಬೆದೆಯ ಹೊತ್ತಿನಲ್ಲಿ ಈ ಹಾರ್ಮೋನಿನದೇ ಮೇಲುಗೈ. ಗರ್ಭಕೋಶಕ್ಕೆ ರಕ್ತ ಹೆಚ್ಚು ಹರಿಯುತ್ತದೆ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಬರುತ್ತವೆ. ಗರ್ಭಕೋಶದ ಬಾಯಿ ತೆರೆದು ಲೋಳೆ ಹೊರಬೀಳುತ್ತದೆ. ಗಾಜಿನಂತೆ ತಿಳಿಯಾದ ಲೋಳೆ ರೋಗವಲ್ಲ. ಅದರಲ್ಲಿ ಕೀವು ಬೆರೆತಿದ್ದರೆ, ದುರ್ವಾಸನೆ ಇದ್ದರೆ ಸೋಂಕಿನ ಸೂಚನೆ.

ಪ್ರೊಜೆಸ್ಟರಾನ್ ಏನು ಮಾಡುತ್ತದೆ?

ಬೆದೆ ಮುಗಿದ ಮೇಲೆ ಏರುವ ಈ ಹಾರ್ಮೋನಿನ ಕೆಲಸ ಗರ್ಭವನ್ನು ಕಾಯುವುದು. ಹೋರಿಯ ಅಂಶವೂ ಇರುವ ಭ್ರೂಣವನ್ನು ದೇಹ ಪರಕೀಯವೆಂದು ಹೊರದಬ್ಬಬಾರದಲ್ಲ! ಹಾಗಾಗಿ ಗರ್ಭಕೋಶದ ಬಾಯಿ ಮುಚ್ಚುತ್ತದೆ, ಒಳಗಿನ ರೋಗನಿರೋಧಕ ಶಕ್ತಿ ತಗ್ಗುತ್ತದೆ. ಬ್ಯಾಕ್ಟೀರಿಯಾಗಳಿಗೆ ಇದೇ ಅವಕಾಶ. ಅಂಡಾಶಯದ ಹಾರ್ಮೋನುಗಳಿಗೂ ಗರ್ಭಕೋಶದ ಸೋಂಕಿಗೂ ಇರುವ ಈ ನಂಟನ್ನು ಬ್ರಿಟನ್ನಿನ ರೋಸನ್, ಲ್ಯಾಮಿಂಗ್ ಮತ್ತು ಫ್ರೈ 1953ರಲ್ಲೇ ವರದಿ ಮಾಡಿದ್ದರು.

ಬೆದೆ ನಿಲ್ಲುವುದೇಕೆ?

ಕರು ಹಾಕಿದ ಹೊಸದರಲ್ಲಿ ಬಹುತೇಕ ಆಕಳುಗಳ ಗರ್ಭಕೋಶದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಹೆಚ್ಚಿನವು ತಾವೇ ಗುಣವಾಗುತ್ತವೆ. ಮಾಸು ಬೀಳದಿದ್ದವುಗಳಿಗೆ ಅಪಾಯ ಹೆಚ್ಚು. ಸೋಂಕು ಉಳಿದಿರುವಾಗಲೇ ಪ್ರೊಜೆಸ್ಟರಾನ್ ಏರಿದರೆ ಕೀವು ಒಳಗೇ ಸೇರಿಕೊಳ್ಳಬಹುದು. ಆಗ 21 ದಿನಕ್ಕೊಮ್ಮೆ ಪ್ರೊಜೆಸ್ಟರಾನನ್ನು ಇಳಿಸಬೇಕಾದ ಪ್ರೊಸ್ಟಗ್ಲಾಂಡಿನ್ ಸರಿಯಾಗಿ ಹೊರಬರುವುದಿಲ್ಲ. ಬೆದೆಯೂ ಬರುವುದಿಲ್ಲ.

ಇಂಜೆಕ್ಷನ್ ಕೊಡಿಸಿದರೆ ಸಾಕೇ?

ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಕೊಟ್ಟರೆ ಪ್ರೊಜೆಸ್ಟರಾನ್ ಇಳಿದು, ಬಾಯಿ ತೆರೆದು ಕೀವು ಹೊರಬರುತ್ತದೆ. ಆದರೆ ಆಕಳು ನಿಜಕ್ಕೂ ಗಬ್ಬವಾಗಿದ್ದರೆ ಅದೇ ಔಷಧದಿಂದ ಗರ್ಭಪಾತವಾಗಬಹುದು. ಆದ್ದರಿಂದ ಮೊದಲು ಪಶುವೈದ್ಯರಿಂದ ಗರ್ಭ ತಪಾಸಣೆ, ಆಮೇಲೆ ಚಿಕಿತ್ಸೆ. ಗರ್ಭಿಣಿಯರು ಈ ಔಷಧವನ್ನು ಮುಟ್ಟಬಾರದು. ಚರ್ಮದ ಮೂಲಕವೂ ಅದು ದೇಹಕ್ಕೆ ಸೇರುತ್ತದೆ.

ನಾಯಿ ಸಾಕಿದವರಿಗೂ ಒಂದು ಮಾತು

ಪಕ್ಕದ ಮುಧೋಳದ ಹೆಸರಾಂತ ತಳಿಯೂ ಸೇರಿ ಯಾವುದೇ ಹೆಣ್ಣುನಾಯಿ ಬೆದೆ ಮುಗಿದ ಕೆಲ ವಾರಗಳಲ್ಲಿ ಮಂಕಾಗಿ, ಅತಿಯಾಗಿ ನೀರು ಕುಡಿಯತೊಡಗಿದರೆ ತಡಮಾಡಬೇಡಿ. ಇದೇ ಕಾರಣದ ಕೀವು ಅದರ ಪ್ರಾಣಕ್ಕೇ ಕುತ್ತು ತರಬಹುದು.

ಒಟ್ಟಿನಲ್ಲಿ: ಬೆದೆ ತಪ್ಪಿದ್ದು ಗಬ್ಬದ ಸುಳಿವು ಮಾತ್ರ, ಪುರಾವೆಯಲ್ಲ. ತಪಾಸಣೆ ಮಾಡಿಸಿ. ಪಶು ಸಹಾಯವಾಣಿ ಸಂಖ್ಯೆ 1962.