ತೋಟದಂಚಿನ ಕಾಡುಕೋಳಿ

ಬೆಳಗಿನ ಜಾವ ಕಾಡುಹುಂಜದ ಕೂಗು ಕೇಳದ ಸದಸ್ಯರು ನಮ್ಮ ಸಂಘದಲ್ಲಿ ಇರಲಾರರು. ಮನೆಯ ಹುಂಜ ಕೊನೆಯ ಸ್ವರವನ್ನು ಎಳೆಯುತ್ತದೆ. ಕಾಡಿನದು ತುಂಡು ತುಂಡಾಗಿ ಕೂಗಿ ನಿಲ್ಲಿಸುತ್ತದೆ. ಕೋವಿ ಹಿಡಿದವರಿಗೆ ಆ ಕೂಗೇ ದಾರಿ ತೋರಿಸುತ್ತಿತ್ತು.

ಶಾಲೆಗೆ ಹೋಗುವ ವಯಸ್ಸಿನಲ್ಲಿ ನಾವೂ ತಂದೆಯವರ ಕೇಪಿನ ಕೋವಿಯ ಹಿಂದೆ ಅಲೆದಿದ್ದೇವೆ. ಮಾತಾಡುವಂತಿಲ್ಲ, ತರಗೆಲೆ ತುಳಿಯುವಂತಿಲ್ಲ. ಕಣ್ಣಿಗಿಂತ ಕಿವಿಗೇ ಕೆಲಸ. ಎಲೆ ಕೆದಕುವ ಚರಚರ ಸದ್ದು ನಿಂತಿತೆಂದರೆ ಹಕ್ಕಿ ನಮ್ಮನ್ನು ಕಂಡಿತೆಂದೇ ಅರ್ಥ. ಆಮೇಲೆ ಅದು ಹಾರುವುದು ಕಡಿಮೆ, ಓಡುವುದೇ ಹೆಚ್ಚು. ಲಂಟಾನದೊಳಗೆ ನುಗ್ಗಿದರೆ ನಾಯಿಗೂ ಸಿಗದು. ಬಿದಿರಕ್ಕಿ ಉದುರಿದ ವರ್ಷ ಮಾತ್ರ ಹಿಂಡುಹಿಂಡಾಗಿ ಸೇರುತ್ತಿದ್ದವು. ಹುಂಜದ ಕತ್ತಿನ ಗರಿಗಳಲ್ಲಿ ಮೇಣ ಹಚ್ಚಿದಂತೆ ಹೊಳೆಯುವ ಹಳದಿ ಚುಕ್ಕೆಗಳುಂಟು. ಸಾಲ್ಮನ್ ಮೀನಿನ ಗಾಳಕ್ಕೆ ಕಟ್ಟುವ ಕೃತಕ ನೊಣಕ್ಕಾಗಿ ಒಂದು ಕಾಲದಲ್ಲಿ ಈ ಗರಿ ಬ್ರಿಟನ್ನಿಗೆ ಸಾಗುತ್ತಿತ್ತು. ನಮ್ಮವರಿಗೆ ಬೇಕಾದದ್ದು ಸಾರು. ಅದೂ ಹೊಗಳುವಂಥದ್ದೇನಲ್ಲ, ನಾರು ಮಾಂಸ, ಬೇಯಿಸಲು ಒಂದು ಹೊರೆ ಸೌದೆ!

ಆಗಲೂ ಕಾಯ್ದೆ ಇತ್ತು, ಕೇಳುವವರಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಲೈಸೆನ್ಸ್ ಪಡೆದು ಕೆಲವು ಪ್ರಾಣಿ ಪಕ್ಷಿಗಳನ್ನು ಬೇಟೆಯಾಡಲು ಉಳಿದಿದ್ದ ಅವಕಾಶವನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಉರುಳು ಇಡುವುದೂ ಈ ಕಾಯ್ದೆಯ ಪ್ರಕಾರ ಬೇಟೆಯೇ. ಬೆಳೆ ರಕ್ಷಣೆಗೆಂದು ಪಡೆದ ಕೋವಿ ಲೈಸೆನ್ಸಿನಿಂದ ಕಾಡುಕೋಳಿ ಹೊಡೆಯುವ ಹಕ್ಕು ಬರುವುದಿಲ್ಲ. (ಚುನಾವಣೆ ಬಂದಾಗಲೆಲ್ಲ ಆ ಕೋವಿಯನ್ನು ಠಾಣೆಗೆ ಹೊತ್ತೊಯ್ಯುವ ನಮ್ಮ ಕಷ್ಟ ಬೇರೆಯೇ ಮಾತು.)

ಈಗ ಕೋವಿಯ ಸದ್ದು ಅಡಗಿದೆ, ಸದ್ದಿಲ್ಲದ ಉರುಳು ಬಂದಿದೆ. ಹೋದ ಬೇಸಿಗೆ, ಹೂಮಳೆ ಬಿದ್ದ ವಾರ, ನಮ್ಮ ತೋಟದ ಬೇಲಿಯಲ್ಲೇ ನೈಲಾನ್ ದಾರದ ಉರುಳುಗಳ ಸಾಲು ಕಂಡಿತು. ಒಂದರಲ್ಲಿ ಹ್ಯಾಟೆ ಸಿಕ್ಕಿ ಸತ್ತು ಎರಡು ದಿನವಾಗಿತ್ತು. ನಾಲ್ಕು ಮಾರು ದೂರದ ಪೊದೆಯ ಬುಡದಲ್ಲಿ ತಣ್ಣಗಾದ ನಾಲ್ಕು ಮೊಟ್ಟೆ. ಸಾಲಿನ ಕೊನೆಯಲ್ಲಿ ಹಂದಿಗೆಂದು ಬೈಕಿನ ಕ್ಲಚ್ ವೈರಿನ ಉರುಳು. ಇಂಥ ವೈರಿಗೆ ಸಿಕ್ಕಿ ಕಾಫಿ ತೋಟಗಳಲ್ಲಿ ಚಿರತೆಗಳು ಸತ್ತದ್ದನ್ನು ಸದಸ್ಯರು ಪತ್ರಿಕೆಗಳಲ್ಲಿ ಓದಿಯೇ ಇದ್ದೀರಿ.

ಇಟ್ಟವನು ನಮ್ಮಲ್ಲೇ ಹದಿನೈದು ವರ್ಷದಿಂದ ದುಡಿಯುತ್ತಿರುವವನು. ಗದರಿಸಿದೆವು. ಅವನು ತಲೆ ತಗ್ಗಿಸಿಯೇ ಹೇಳಿದ: “ಅಯ್ಯಾ, ಕಣದಲ್ಲಿ ಕೂತಾಗ ನೀವೇ ಹೇಳ್ತಿದ್ರಲ್ಲ, ದೊಡ್ಡಯ್ಯ ಒಂದೇ ಗುಂಡಿಗೆ ಎರಡು ಕೋಳಿ ಕೆಡವಿದ್ದು. ಅದನ್ನ ಕೇಳಿ ನನ್ನ ಮಗನಿಗೂ ಆಸೆ ಆಯ್ತು.”

ಉತ್ತರಿಸಲು ನಮಗೆ ಬಾಯಿ ಬರಲಿಲ್ಲ. ಆ ಕಥೆಯನ್ನು ನಾವು ಪ್ರತಿ ಕೊಯ್ಲಿನಲ್ಲೂ ಹೇಳಿದ್ದು ನಿಜ.

ಅವನನ್ನು ಕೆಲಸದಿಂದ ಬಿಡಿಸಲಿಲ್ಲ. ಮರುದಿನ ಅವನನ್ನೂ ಅವನ ಮಗನನ್ನೂ ಕರೆದುಕೊಂಡು ಬೇಲಿಯ ಉದ್ದಕ್ಕೂ ನಡೆದೆವು. ಹದಿನೇಳು ಉರುಳು ಬಿಚ್ಚಿದೆವು. ಅವುಗಳಲ್ಲಿ ಆರು ತನ್ನವಲ್ಲವೆಂದು ಅವನು ಹೇಳುತ್ತಾನೆ. ಸದಸ್ಯರು ಈ ಸಲ ಕಳೆ ತೆಗೆಸುವ ಮೊದಲು ತಮ್ಮ ಬೇಲಿಯನ್ನೂ ಒಮ್ಮೆ ನಡೆದು ನೋಡಬೇಕೆಂದು ಕೋರುತ್ತೇವೆ.