ಗಡ್ಡೆ ಮತ್ತು ಅಂಗಕಾರ್ಯದ ಕಾಂತೀಯ ಅನುರಣನ ಚಿತ್ರಣ

ಕಾಂತೀಯ ಅನುರಣನ ಚಿತ್ರಣ ಅಥವಾ ಎಂಆರ್‌ಐ ಎಂಬುದು ಪ್ರಬಲ ಕಾಂತಕ್ಷೇತ್ರ ಹಾಗೂ ರೇಡಿಯೋ ತರಂಗಗಳ ನೆರವಿನಿಂದ ದೇಹದ ಒಳಭಾಗದ ಚಿತ್ರಗಳನ್ನು ಪಡೆಯುವ ವೈದ್ಯಕೀಯ ವಿಧಾನ. ಎಕ್ಸ್‌-ರೇ ಮತ್ತು ಸಿ.ಟಿ. ಸ್ಕ್ಯಾನ್‌ಗಳಲ್ಲಿರುವಂತೆ ಇದರಲ್ಲಿ ಅಯಾನೀಕರಿಸುವ ವಿಕಿರಣದ ಬಳಕೆಯಿಲ್ಲ. ಗಡ್ಡೆಯ ನೆಲೆ ಮತ್ತು ವ್ಯಾಪ್ತಿ, ಚಿಕಿತ್ಸೆಗೆ ಅದು ಸ್ಪಂದಿಸುತ್ತಿರುವ ಬಗೆ, ಹೃದಯ, ಯಕೃತ್ತು ಮೊದಲಾದ ಅಂಗಗಳ ಕಾರ್ಯ ಇವುಗಳನ್ನು ಅರಿಯಲು ಇದು ಬಳಕೆಯಲ್ಲಿದೆ. ಆದರೆ ಚಿತ್ರದಲ್ಲಿ ಕಾಣುವ ಪ್ರತಿಯೊಂದು ಕಲೆಯೂ ಕ್ಯಾನ್ಸರ್ ಆಗಿರುವುದಿಲ್ಲ. ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಚಿಕ್ಕಬಳ್ಳಾಪುರ ಜಿಲ್ಲೆಯಂತಹ ಪ್ರದೇಶಗಳಲ್ಲಿ ಈ ಎಚ್ಚರಿಕೆಗೆ ವಿಶೇಷ ಮಹತ್ವವಿದೆ.

ತತ್ತ್ವ

ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕದ ಪ್ರೋಟಾನ್‌ಗಳು ಸಣ್ಣ ಕಾಂತಗಳಂತೆ ವರ್ತಿಸುತ್ತವೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದ ಕ್ಷೇತ್ರವು ಭೂಮಿಯ ಕಾಂತಕ್ಷೇತ್ರಕ್ಕಿಂತ ಮೂವತ್ತು ಸಾವಿರಕ್ಕೂ ಹೆಚ್ಚು ಪಟ್ಟು ಪ್ರಬಲವಾದುದು. ಆ ಕ್ಷೇತ್ರದಲ್ಲಿ ಪ್ರೋಟಾನ್‌ಗಳು ಸುಮಾರು 64 ಮೆಗಾಹರ್ಟ್ಸ್ ಆವರ್ತನದ ರೇಡಿಯೋ ತರಂಗಕ್ಕೆ ಅನುರಣಿಸುತ್ತವೆ; ತರಂಗ ನಿಂತೊಡನೆ ಮೊದಲಿನ ಸ್ಥಿತಿಗೆ ಮರಳುತ್ತ ಸಂಕೇತ ನೀಡುತ್ತವೆ. ಮರಳುವ ವೇಗವನ್ನು ಟಿ1 ಮತ್ತು ಟಿ2 ಎಂಬ ಎರಡು ಕಾಲಮಾನಗಳಿಂದ ಅಳೆಯಲಾಗುತ್ತದೆ. ಅಂಗಾಂಶದಿಂದ ಅಂಗಾಂಶಕ್ಕೆ ಇವು ಬೇರೆಯಾಗುವುದರಿಂದಲೇ ಚಿತ್ರದಲ್ಲಿ ಬಿಳುಪು ಕಪ್ಪುಗಳ ಭೇದ ಮೂಡುತ್ತದೆ. ಸಂಕೇತಗಳನ್ನು ಚಿತ್ರವಾಗಿ ಮಾರ್ಪಡಿಸುವ ಫೂರ್ಯೆ ಗಣಿತವು ಖಗೋಳ ವಿಜ್ಞಾನಕ್ಕೂ ಸಮಾನವಾದುದು. ಗೌರಿಬಿದನೂರಿನ ಬಳಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಚಿತ್ರಿಸಿದ ‘ಟಿ’ ಆಕಾರದ ರೇಡಿಯೋ ದೂರದರ್ಶಕದ ಹಿಂದೆಯೂ ಇದೇ ಗಣಿತವಿದೆ.

ಇತಿಹಾಸ

ಪರಮಾಣು ಕಾಂತೀಯ ಅನುರಣನವನ್ನು ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ 1946ರಲ್ಲಿ ಪ್ರತ್ಯೇಕವಾಗಿ ವರದಿ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು 1951ರಲ್ಲಿ, ಹರಿಯುವ ದ್ರವದಲ್ಲಿ ಅನುರಣನ ಸಂಕೇತವು ಹರಿವಿನ ವೇಗಕ್ಕೆ ತಕ್ಕಂತೆ ಬದಲಾಗುವುದನ್ನು ಪ್ರಕಟಿಸಿದರು. ಇಂದು ಎಂಆರ್‌ಐ ಮೂಲಕ ರಕ್ತದ ಹರಿವನ್ನು ಅಳೆಯುವ ವಿಧಾನಗಳ ಚರಿತ್ರೆ ಈ ಪ್ರಯೋಗದಿಂದ ಆರಂಭವಾಗುತ್ತದೆ. ಕರ್ನಾಟಕದಲ್ಲಿಯೇ ಈ ಸಂಗತಿಗೆ ದೊರೆತ ಪ್ರಚಾರ ಅತ್ಯಲ್ಪ. ಇಲಿಗಳ ಗಡ್ಡೆಗಳಲ್ಲಿ ಟಿ1 ಮತ್ತು ಟಿ2 ಕಾಲಮಾನಗಳು ಸಹಜ ಅಂಗಾಂಶಕ್ಕಿಂತ ದೀರ್ಘವಾಗಿರುವುದನ್ನು ರೇಮಂಡ್ ಡಮೇಡಿಯನ್ 1971ರಲ್ಲಿ ತೋರಿಸಿದರು. 1973ರಲ್ಲಿ ಮೊದಲ ಚಿತ್ರ ಪ್ರಕಟಿಸಿದ ಪಾಲ್ ಲೌಟರ್‌ಬರ್ ಹಾಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರ ನೊಬೆಲ್ ಪ್ರಶಸ್ತಿ ಸಂದಿತು.

ಗಡ್ಡೆಗಳ ಪರಿಶೀಲನೆ

ಜೀವಕೋಶಗಳು ಒತ್ತಾಗಿರುವ ಗಡ್ಡೆಯಲ್ಲಿ ನೀರಿನ ಅಣುಗಳ ಚಲನೆ ಕುಂಠಿತವಾಗುತ್ತದೆ. ವಿಸರಣ ಚಿತ್ರಣವು ಇದನ್ನು ಗುರುತಿಸುತ್ತದೆ. ಗ್ಯಾಡೊಲಿನಿಯಂ ಯುಕ್ತ ಔಷಧವನ್ನು ರಕ್ತನಾಳಕ್ಕೆ ನೀಡಿದಾಗ ರಕ್ತಸಂಚಾರ ಹೆಚ್ಚಿರುವ ಅಥವಾ ರಕ್ತನಾಳಗಳು ಸೋರುವ ಭಾಗಗಳು ಉಜ್ವಲವಾಗಿ ಕಾಣುತ್ತವೆ. ಚಿಕಿತ್ಸೆಯ ಫಲವನ್ನು ಅಳೆಯುವ ಪ್ರಚಲಿತ ಮಾನದಂಡದ ಪ್ರಕಾರ, ಆಯ್ದ ಗಡ್ಡೆಗಳ ಉದ್ದಗಳ ಮೊತ್ತವು ಶೇ. 30ರಷ್ಟಾದರೂ ಕುಗ್ಗಿದರೆ ಭಾಗಶಃ ಸ್ಪಂದನೆ. ಹೀಗಾಗಿ ಹಳೆಯ ಚಿತ್ರಗಳಿಲ್ಲದೆ ಹೊಸ ಚಿತ್ರದ ಅರ್ಥ ಪೂರ್ಣವಾಗದು. ಶಿಡ್ಲಘಟ್ಟ ಅಥವಾ ಚಿಂತಾಮಣಿಯಲ್ಲಿ ಪರೀಕ್ಷೆ ಆರಂಭಿಸಿ ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಅಥವಾ ನಿಮ್ಹಾನ್ಸ್ ಸಂಸ್ಥೆಗೆ ತೆರಳುವ ರೋಗಿಯು ವರದಿಯ ಹಾಳೆಯೊಂದಿಗೆ ಹಿಂದಿನ ಸ್ಕ್ಯಾನ್‌ನ ಫಿಲ್ಮ್ ಅಥವಾ ಸಿ.ಡಿ.ಯನ್ನೂ ಒಯ್ಯುವುದು ಇದೇ ಕಾರಣಕ್ಕೆ ಅಗತ್ಯ.

ಮೆದುಳಿನಲ್ಲಿ ಉಂಗುರದಂತೆ ಹೊಳೆಯುವ ಕಲೆಯು ಗಡ್ಡೆಯಿರಬಹುದು. ಭಾರತದಲ್ಲಿ ಅದು ಕ್ಷಯದ ಗಂಟು ಅಥವಾ ಲಾಡಿಹುಳುವಿನ ಮರಿಕೋಶವಾಗಿರುವ ಸಂಭವವೂ ಸಾಕಷ್ಟಿದೆ. ಅನುರಣನ ರೋಹಿತ ಪರೀಕ್ಷೆಯಲ್ಲಿ ಕ್ಷಯದ ಗಂಟು ಸಾಮಾನ್ಯವಾಗಿ ಕೊಬ್ಬಿನ ಸಂಕೇತವನ್ನೂ, ಗಡ್ಡೆ ಕೋಲಿನ್‌ನ ಏರಿಕೆಯನ್ನೂ ತೋರುತ್ತವೆ. ಇವೆರಡೂ ಒಮ್ಮೊಮ್ಮೆ ಬೆರೆಯುವುದರಿಂದ ಬಯಾಪ್ಸಿ ಬೇಕಾಗುವುದುಂಟು. ಒಂದಕ್ಕೆ ತಿಂಗಳುಗಟ್ಟಲೆ ಮಾತ್ರೆ, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ. ಆದ್ದರಿಂದ ಈ ಭೇದ ಅತಿ ಮುಖ್ಯ.

ಫ್ಲೋರೋಸಿಸ್ ಮತ್ತು ಬೆನ್ನೆಲುಬು

ಕೋಲಾರದಿಂದ 2007ರಲ್ಲಿ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸದಾ ಹರಿಯುವ ನದಿಯಿಲ್ಲ. ಆಳದ ಕೊಳವೆಬಾವಿಗಳ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅಂತಹ ನೀರನ್ನು ಹಲವು ವರ್ಷ ಕುಡಿದವರಲ್ಲಿ ಮೂಳೆ ದಟ್ಟವಾಗಿ, ಸ್ನಾಯುರಜ್ಜುಗಳು ಎಲುಬಿನಂತೆ ಗಟ್ಟಿಯಾಗುತ್ತವೆ. ಎಕ್ಸ್‌-ರೇಯಲ್ಲಿ ಈ ದಟ್ಟತೆಯು ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಂತೆ ತೋರಬಲ್ಲದು. ಫ್ಲೋರೋಸಿಸ್‌ನಲ್ಲಿ ಬದಲಾವಣೆ ಬೆನ್ನೆಲುಬಿನ ಉದ್ದಕ್ಕೂ ಸಮಾನವಾಗಿ ಹಬ್ಬಿದರೆ, ಹರಡಿದ ಕ್ಯಾನ್ಸರ್ ಹೆಚ್ಚಾಗಿ ಅಲ್ಲಲ್ಲಿ ಕಾಣಿಸಿಕೊಳ್ಳುತ್ತದೆ. ಗಟ್ಟಿಯಾದ ರಜ್ಜುಗಳು ಬೆನ್ನುಹುರಿಯನ್ನು ಒತ್ತುತ್ತಿವೆಯೇ ಎಂಬುದನ್ನು ಎಂಆರ್‌ಐ ಸ್ಪಷ್ಟವಾಗಿ ತೋರಿಸುತ್ತದೆ. ಕಾಲುಗಳ ಬಲ ಕುಂದಿದ ರೋಗಿಗೆ ಶಸ್ತ್ರಚಿಕಿತ್ಸೆ ಬೇಕೇ ಎಂಬ ನಿರ್ಧಾರ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ಮೂಳೆಯಲ್ಲಿರುವ ಫ್ಲೋರೈಡನ್ನು ಮಾತ್ರ ಎಂಆರ್‌ಐ ಅಳೆಯದು. ಅದಕ್ಕಾಗಿ ಮೂತ್ರಪರೀಕ್ಷೆ, ಮುಂಗೈ ಎಕ್ಸ್‌-ರೇ ಮತ್ತು ಕುಡಿಯುವ ನೀರಿನ ಪರೀಕ್ಷೆಗಳ ನೆರವು ಬೇಕು.

ಅಂಗಗಳ ಕಾರ್ಯ

ಹೃದಯದ ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತದ ಪ್ರಮಾಣ, ಹೃದಯಾಘಾತದ ನಂತರ ಉಳಿದ ಗಾಯದ ಕಲೆ, ಯಕೃತ್ತಿನ ಕೊಬ್ಬಿನಂಶ ಹಾಗೂ ಗಡಸುತನವನ್ನು ಎಂಆರ್‌ಐ ಅಳೆಯುತ್ತದೆ. ಪದೇ ಪದೇ ರಕ್ತ ಪಡೆಯುವ ಥಲಸ್ಸೇಮಿಯಾ ರೋಗಿಗಳ ಹೃದಯದಲ್ಲಿ ಶೇಖರವಾದ ಕಬ್ಬಿಣದ ಅಂಶವನ್ನು ಚುಚ್ಚದೆಯೇ ಅಂದಾಜಿಸಬಹುದು.

ಸುರಕ್ಷತೆ

ಕಾಂತವು ಸದಾ ಸಕ್ರಿಯವಾಗಿರುವುದರಿಂದ ಆಮ್ಲಜನಕದ ಸಿಲಿಂಡರ್, ಗಾಲಿಕುರ್ಚಿಗಳು ಕೋಣೆಯೊಳಗೆ ಹಾರಿ ಅಪಾಯ ಉಂಟುಮಾಡಬಲ್ಲವು. ತಾಳಿ, ಬಳೆ, ಕಾಲುಂಗುರ, ಹೇರ್‌ಪಿನ್‌ಗಳನ್ನು ತೆಗೆಯಬೇಕು. ಜರಿಯ ಲೋಹದ ಎಳೆಗಳು ಬಿಸಿಯಾಗುವ ಸಾಧ್ಯತೆ ಇರುವುದರಿಂದ ಜರಿಸೀರೆಯೂ ಸಲ್ಲದು. ಪೇಸ್‌ಮೇಕರ್ ಇರುವವರು, ಲೇತ್, ವೆಲ್ಡಿಂಗ್ ಅಥವಾ ಕಲ್ಲುಕ್ವಾರಿಯಲ್ಲಿ ದುಡಿದು ಕಣ್ಣಿಗೆ ಕಬ್ಬಿಣದ ಚೂರು ಸಿಡಿಸಿಕೊಂಡಿದ್ದವರು ಅದನ್ನು ಮೊದಲೇ ತಿಳಿಸತಕ್ಕದ್ದು. ಮೂತ್ರಪಿಂಡಗಳು ತೀವ್ರವಾಗಿ ಕುಂದಿದವರಿಗೆ ಕೆಲವು ಬಗೆಯ ಗ್ಯಾಡೊಲಿನಿಯಂ ಔಷಧಗಳಿಂದ ಚರ್ಮ ಹಾಗೂ ಅಂಗಗಳು ಗಡುಸಾಗುವ ಅಪರೂಪದ ಕಾಯಿಲೆ ಬಂದುದುಂಟು. ಆದ್ದರಿಂದ ಅಂಥವರಿಗೆ ಔಷಧ ನೀಡುವ ಮುನ್ನ ರಕ್ತದ ಕ್ರಿಯಾಟಿನಿನ್ ಮಟ್ಟವನ್ನು ಪರೀಕ್ಷಿಸಲಾಗುತ್ತದೆ.